ಹಸುವಿನ ಕೆಚ್ಚಲು ಬೆಳೆಯುವುದು ಹೇಗೆ? ಬೆಳವಣಿಗೆ ಅಂಶಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಸು ಎಷ್ಟು ಹಾಲು ಕೊಡಬಲ್ಲದು ಎಂಬುದು ಕೆಚ್ಚಲಿನಲ್ಲಿ ಹಾಲು ಸ್ರವಿಸುವ ಜೀವಕೋಶಗಳು ಎಷ್ಟಿವೆ, ಅವು ಎಷ್ಟು ದಿನ ಉಳಿಯುತ್ತವೆ ಎಂಬುದರ ಮೇಲೆ ಬಹುಪಾಲು ನಿಂತಿದೆ. ಆ ಕೋಶಗಳ ದೊಡ್ಡ ಪಾಲು ಹುಟ್ಟುವುದು ಹಾಲು ಕರೆಯಲು ಶುರುಮಾಡಿದ ಮೇಲಲ್ಲ, ಅದಕ್ಕೂ ಮೊದಲು; ಅವಕ್ಕೆ ಆಧಾರವಾಗುವ ನಾಳಗಳು ಬೆಳೆಯುವುದು ಇನ್ನೂ ಮುಂಚೆ, ಎಳೆಯ ವಯಸ್ಸಿನಲ್ಲೇ. ಕೋಶಗಳಿಗೆ ಬೆಳೆ, ನಿಲ್ಲು, ಉಳಿ, ಸಾಯಿ ಎಂದು ಹೇಳುವ ಪ್ರೋಟೀನುಗಳೇ ಬೆಳವಣಿಗೆ ಅಂಶಗಳು. ಹೈನುಗಾರರಿಗೂ ಪಶುವೈದ್ಯಕೀಯ ಓದುತ್ತಿರುವವರಿಗೂ ಉಪಯೋಗವಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇವೆ.

ಬೆಳವಣಿಗೆ ಅಂಶ ಅಂದರೂ ಹಾರ್ಮೋನ್ ಅಂದರೂ ಒಂದೇ ಅಲ್ಲವೇ?

ಪೂರ್ತಿ ಒಂದೇ ಅಲ್ಲ. ಹಾರ್ಮೋನ್ ಒಂದು ಗ್ರಂಥಿಯಲ್ಲಿ ತಯಾರಾಗಿ, ರಕ್ತದಲ್ಲಿ ಸಾಗಿ, ದೂರದ ಅಂಗದ ಮೇಲೆ ಕೆಲಸ ಮಾಡುತ್ತದೆ. ಅಂಡಾಶಯದ ಈಸ್ಟ್ರೋಜನ್, ಪಿಟ್ಯುಟರಿಯ ಬೆಳವಣಿಗೆ ಹಾರ್ಮೋನ್ ಮತ್ತು ಪ್ರೋಲ್ಯಾಕ್ಟಿನ್ ಹಾಗೆ. ಬೆಳವಣಿಗೆ ಅಂಶಗಳು ಹೆಚ್ಚಾಗಿ ಕೆಚ್ಚಲಿನೊಳಗೇ ತಯಾರಾಗಿ ಪಕ್ಕದ ಕೋಶಕ್ಕೆ, ಕೆಲವೊಮ್ಮೆ ತಯಾರಿಸಿದ ಕೋಶಕ್ಕೇ ಸಂದೇಶ ಕೊಡುತ್ತವೆ. ಐಜಿಎಫ್-1 (ಇನ್ಸುಲಿನ್ ಹೋಲುವ ಬೆಳವಣಿಗೆ ಅಂಶ-1) ಮಾತ್ರ ಎರಡೂ ಕಡೆ ಸಲ್ಲುತ್ತದೆ. ಯಕೃತ್ತಿನಿಂದ ರಕ್ತಕ್ಕೂ ಬರುತ್ತದೆ, ಕೆಚ್ಚಲಿನ ಸಂಯೋಜಕ ಅಂಗಾಂಶದಲ್ಲೂ ತಯಾರಾಗುತ್ತದೆ. ಕೆಚ್ಚಲಿನಲ್ಲಿ ಹಾರ್ಮೋನುಗಳ ಬಹಳಷ್ಟು ಆದೇಶಗಳು ಕೊನೆಗೆ ಕೋಶಕ್ಕೆ ತಲುಪುವುದು ಬೆಳವಣಿಗೆ ಅಂಶಗಳ ಮೂಲಕವೇ.

ಕೆಚ್ಚಲು ಯಾವ ವಯಸ್ಸಿನಲ್ಲಿ ನಿಜವಾಗಿ ಬೆಳೆಯುತ್ತದೆ?

ಶುರುವಾಗುವುದು ತಾಯಿಯ ಹೊಟ್ಟೆಯಲ್ಲೇ. ಗಬ್ಬದ ಎರಡನೇ ತಿಂಗಳಲ್ಲಿ ಭ್ರೂಣದ ಚರ್ಮದಲ್ಲಿ ಕೆಚ್ಚಲಿನ ಮೊಗ್ಗು ಕಾಣಿಸಿಕೊಳ್ಳುತ್ತದೆ, ಮುಂದೆ ತೊಟ್ಟು ರೂಪುಗೊಳ್ಳುತ್ತದೆ. ಕರು ಹುಟ್ಟುವಾಗ ನಾಲ್ಕು ತೊಟ್ಟುಗಳು, ಒಳಗೆ ಸಣ್ಣ ಹಾಲಿನ ತೊಟ್ಟಿ, ಅದರಿಂದ ಹೊರಟ ಕೆಲವೇ ನಾಳಗಳು, ಸುತ್ತ ಕೊಬ್ಬಿನ ಹಾಸು ಇರುತ್ತವೆ.

ಹುಟ್ಟಿದ ಮೊದಲ ಎರಡು ಮೂರು ತಿಂಗಳು ಕೆಚ್ಚಲು ದೇಹದಷ್ಟೇ ವೇಗದಲ್ಲಿ ಬೆಳೆಯುತ್ತದೆ ಎಂದು ಪಠ್ಯಗಳು ಹೇಳುತ್ತವೆ. ಇಡೀ ಕೆಚ್ಚಲಿಗೆ ಇದು ಸರಿ. ನಾಳದ ಅಂಗಾಂಶವನ್ನು ಮಾತ್ರ ಬಿಡಿಸಿ ತೂಗಿದರೆ ಆ ಅವಧಿಯಲ್ಲೂ ಅದು ಚುರುಕಾಗಿ ಬೆಳೆಯುತ್ತಿರುತ್ತದೆ. ಮೂರನೇ ತಿಂಗಳಿಂದ ಮೊದಲ ಬೆದೆಯವರೆಗೆ ಇಡೀ ಕೆಚ್ಚಲೇ ದೇಹಕ್ಕಿಂತ ಮೂರರಿಂದ ನಾಲ್ಕು ಪಟ್ಟು ವೇಗ ಹಿಡಿಯುತ್ತದೆ. ಕೊಬ್ಬಿನ ಹಾಸಿನೊಳಗೆ ನಾಳಗಳು ಕವಲೊಡೆಯುತ್ತಾ ನುಗ್ಗುವ ಕಾಲ ಇದು. ಬೆದೆ ಶುರುವಾಗಿ ಕೆಲವು ಸುತ್ತು ಆದ ಮೇಲೆ ವೇಗ ಮತ್ತೆ ದೇಹದ ಮಟ್ಟಕ್ಕೆ ಇಳಿಯುತ್ತದೆ.

ಆದರೆ ಹಾಲು ಸ್ರವಿಸುವ ಕೋಶಗಳ ದೊಡ್ಡ ಪಾಲು ಹುಟ್ಟುವುದು ಮೊದಲ ಗಬ್ಬದಲ್ಲಿ. ಎಳೆಯ ವಯಸ್ಸಿನಲ್ಲಿ ಹಾಕಿದ ನಾಳಗಳ ಜಾಲವೇ ಆಗ ಹಾಲಿನ ಗುಳ್ಳೆಗಳ ಗೊಂಚಲುಗಳಿಗೆ ಆಧಾರವಾಗುತ್ತದೆ.

ಇಲಿಯ ಮೇಲಿನ ಸಂಶೋಧನೆಯನ್ನು ಹಸುವಿಗೆ ಹಾಗೇ ಅನ್ವಯಿಸಬಹುದೇ?

ಎಚ್ಚರ ಬೇಕು. ಇಲಿಯಲ್ಲಿ ನಾಳದ ತುದಿ ಒಂದೇ ಗುಂಡನೆಯ ಮೊಗ್ಗಾಗಿ ಕೊಬ್ಬಿನೊಳಗೆ ನೇರವಾಗಿ ತೂರುತ್ತದೆ. ಹಸುವಿನಲ್ಲಿ ತುದಿಯಲ್ಲೇ ಹಲವು ಚಿಕ್ಕ ಕವಲುಗಳ ಗುಚ್ಛವಿರುತ್ತದೆ. ಅದರ ಸುತ್ತ ಸಡಿಲವಾದ ಸಂಯೋಜಕ ಅಂಗಾಂಶದ ಹೊದಿಕೆ ಇದ್ದು, ನಾಳದ ಕೋಶ ಕೊಬ್ಬಿನ ಕೋಶವನ್ನು ನೇರವಾಗಿ ಮುಟ್ಟುವುದಿಲ್ಲ. ಇನ್ನೊಂದು ಮುಖ್ಯ ವ್ಯತ್ಯಾಸ: ಇಲಿಯಲ್ಲಿ ಈಸ್ಟ್ರೋಜನ್ ಗ್ರಾಹಿಗಳು (ಅದರ ಸಂದೇಶವನ್ನು ಹಿಡಿಯುವ ಪ್ರೋಟೀನುಗಳು) ನಾಳದ ಕೋಶದಲ್ಲೂ ಸುತ್ತಲಿನ ಅಂಗಾಂಶದಲ್ಲೂ ಇವೆ. ಕಡಸಿನಲ್ಲಿ ಅವು ಬಹುತೇಕ ನಾಳದ ಕೋಶಗಳಲ್ಲೇ ಕಾಣುತ್ತವೆ. ಆದ್ದರಿಂದ ಇಲಿಯ ಚಿತ್ರ ಹಾಕಿ ಹಸುವಿನ ಕೆಚ್ಚಲನ್ನು ವಿವರಿಸುವ ಪಾಠಗಳು ದಾರಿ ತಪ್ಪಿಸುತ್ತವೆ.

ಐಜಿಎಫ್-1ಗೆ ಇಷ್ಟೊಂದು ಮಹತ್ವ ಏಕೆ?

ಬೆಳವಣಿಗೆ ಹಾರ್ಮೋನ್ ಕೊಟ್ಟರೆ ಕಡಸಿನ ಕೆಚ್ಚಲಿನ ನಾಳಗಳು ಬೆಳೆಯುತ್ತವೆ. ಆದರೆ ಅದೇ ಹಾರ್ಮೋನನ್ನು ಪ್ರಯೋಗಾಲಯದ ಬಟ್ಟಲಿನಲ್ಲಿ ಬೆಳೆಸಿದ ಕೆಚ್ಚಲಿನ ಕೋಶಗಳಿಗೆ ನೇರವಾಗಿ ಹಾಕಿದರೆ ಅವು ಹೆಚ್ಚೇನೂ ವಿಭಜನೆಯಾಗುವುದಿಲ್ಲ. ಐಜಿಎಫ್-1 ಹಾಕಿದರೆ ಆಗುತ್ತವೆ. ಮಧ್ಯವರ್ತಿ ಯಾರು ಎಂಬುದು ಇದರಿಂದ ತಿಳಿಯುತ್ತದೆ.

ಐಜಿಎಫ್-1 ಎಂಬುದು 70 ಅಮೈನೋ ಆಮ್ಲಗಳ ಚಿಕ್ಕ ಪ್ರೋಟೀನ್. ಕೋಶದ ಮೇಲಿನ ತನ್ನ ಗ್ರಾಹಿಗೆ ಅಂಟಿದಾಗ ಒಳಗೆ ಎರಡು ದಾರಿ ತೆರೆಯುತ್ತದೆ. ಒಂದು ಕೋಶ ವಿಭಜನೆಯ ಕಡೆಗೆ, ಇನ್ನೊಂದು ಕೋಶ ಸಾಯದಂತೆ ಕಾಯುವ ಕಡೆಗೆ. ಎರಡನೆಯದನ್ನು ಜನ ಮರೆಯುತ್ತಾರೆ. ಹಾಲು ಕರೆಯುವ ಹಸುವಿನಲ್ಲಿ ಅದಕ್ಕೇ ಬೆಲೆ ಜಾಸ್ತಿ.

ರಕ್ತದಲ್ಲಿ ಎಷ್ಟಿದೆ ಎಂಬುದಷ್ಟೇ ಲೆಕ್ಕವಲ್ಲ. ಐಜಿಎಫ್-1 ಒಂಟಿಯಾಗಿ ಓಡಾಡುವುದು ತೀರ ಕಡಿಮೆ. ಅದನ್ನು ಹಿಡಿದಿಡುವ ಆರು ಬಂಧಕ ಪ್ರೋಟೀನುಗಳಿವೆ. ರಕ್ತದಲ್ಲಿ ಮೂರನೆಯದು ಪ್ರಮುಖ. ಅದು ಇನ್ನೊಂದು ಪ್ರೋಟೀನಿನ ಜೊತೆ ಸೇರಿ ದೊಡ್ಡ ಕಟ್ಟು ಮಾಡಿಕೊಳ್ಳುವುದರಿಂದ ಐಜಿಎಫ್-1 ನಿಮಿಷಗಳ ಬದಲು ಗಂಟೆಗಟ್ಟಲೆ ಉಳಿಯುತ್ತದೆ. ಕೆಚ್ಚಲಿನೊಳಗೆ ಇವೇ ಬಂಧಕಗಳು ಹೆಚ್ಚಾದರೆ ಐಜಿಎಫ್-1 ಇದ್ದೂ ಗ್ರಾಹಿಗೆ ಸಿಗುವುದಿಲ್ಲ. ಬಂಧಕಗಳಿಗೆ ಅಂಟದಂತೆ ಬದಲಿಸಿದ ಐಜಿಎಫ್-1 ರೂಪಗಳು ಬಟ್ಟಲಿನ ಪ್ರಯೋಗಗಳಲ್ಲಿ ಮಾಮೂಲಿಗಿಂತ ಚೆನ್ನಾಗಿ ಕೆಲಸ ಮಾಡುವುದು ಇದೇ ಕಾರಣಕ್ಕೆ.

ಅಂಡಾಶಯಕ್ಕೂ ಎಳೆಗರುವಿನ ಕೆಚ್ಚಲಿಗೂ ಏನು ಸಂಬಂಧ?

ಎಳೆಯ ವಯಸ್ಸಿನಲ್ಲೇ ಅಂಡಾಶಯ ತೆಗೆದ ಕಡಸುಗಳಲ್ಲಿ ನಾಳಗಳ ಬೆಳವಣಿಗೆ ಬಹುತೇಕ ನಿಂತುಹೋಗುತ್ತದೆ. ಅಂಥ ಕಡಸಿಗೆ ಈಸ್ಟ್ರೋಜನ್ ಕೊಟ್ಟರೆ ಕೆಚ್ಚಲಿನೊಳಗೇ ಐಜಿಎಫ್-1 ತಯಾರಿ ಏರುತ್ತದೆ, ಕೋಶ ವಿಭಜನೆ ಮರಳುತ್ತದೆ. ವಿಭಜನೆಯಾಗುತ್ತಿರುವ ಕೋಶಗಳಲ್ಲಿ ಹೆಚ್ಚಿನವಕ್ಕೆ ಈಸ್ಟ್ರೋಜನ್ ಗ್ರಾಹಿಯೇ ಇರುವುದಿಲ್ಲ ಎಂಬುದನ್ನು ಗಮನಿಸಿ. ಗ್ರಾಹಿ ಇರುವ ಕೋಶ ಆದೇಶ ಕೇಳಿಸಿಕೊಂಡು, ಬೆಳವಣಿಗೆ ಅಂಶದ ಮೂಲಕ ಪಕ್ಕದ ಕೋಶವನ್ನು ಎಬ್ಬಿಸುತ್ತದೆ.

ಇದಕ್ಕೆ ಕೊಟ್ಟಿಗೆಯಲ್ಲೇ ಸಿಗುವ ಸಾಕ್ಷಿ ಅವಳಿ ಕರು. ಗಂಡಿನ ಜೊತೆ ಹುಟ್ಟಿದ ಹೆಣ್ಣುಕರುಗಳಲ್ಲಿ ಶೇ. 90ಕ್ಕೂ ಹೆಚ್ಚಿನವು ಬಂಜೆ. ಗರ್ಭದಲ್ಲಿ ರಕ್ತ ಬೆರೆತು ಅವುಗಳ ಅಂಡಾಶಯ ಸರಿಯಾಗಿ ಬೆಳೆದಿರುವುದಿಲ್ಲ; ಕೆಚ್ಚಲೂ ಬೆಳೆಯುವುದಿಲ್ಲ. ಮೊದಲ ತಿಂಗಳೊಳಗೆ ಪಶುವೈದ್ಯರು ನಯವಾದ ಕೊಳವೆಯಿಂದ ಯೋನಿಯ ಉದ್ದ ನೋಡುತ್ತಾರೆ. ಸಹಜ ಕರುವಿನಲ್ಲಿ 12 ರಿಂದ 15 ಸೆಂ.ಮೀ. ಹೋಗುವ ಕೊಳವೆ ಇಂಥ ಕರುವಿನಲ್ಲಿ ಅದರ ಅರ್ಧದಷ್ಟರಲ್ಲೇ ನಿಲ್ಲುತ್ತದೆ. ಹಾಲಿಗೆಂದು ಎರಡು ವರ್ಷ ಸಾಕುವ ಮೊದಲು ಈ ಪರೀಕ್ಷೆ ಮಾಡಿಸಿ.

ಇಜಿಎಫ್, ಎಫ್‌ಜಿಎಫ್, ಎಚ್‌ಜಿಎಫ್ ಇವೆಲ್ಲ ಏನು ಮಾಡುತ್ತವೆ?

ಇವೂ ಬೆಳವಣಿಗೆ ಅಂಶಗಳೇ. ಇಜಿಎಫ್ (ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್) ಒಂದು ಕುಟುಂಬ. ಟಿಜಿಎಫ್-ಆಲ್ಫಾ, ಆಂಫಿರೆಗ್ಯುಲಿನ್ ಅದರ ಸದಸ್ಯರು. ಈ ಮೂರೂ ಒಂದೇ ಗ್ರಾಹಿ ಬಳಸಿ ನಾಳದ ಕೋಶಗಳನ್ನು ವಿಭಜನೆಗೆ ತಳ್ಳುತ್ತವೆ. ಎಫ್‌ಜಿಎಫ್ (ಫೈಬ್ರೋಬ್ಲಾಸ್ಟ್ ಗ್ರೋತ್ ಫ್ಯಾಕ್ಟರ್) ಕುಟುಂಬದ 7 ಮತ್ತು 10ನೆಯವು ಸುತ್ತಲಿನ ಅಂಗಾಂಶದಲ್ಲಿ ತಯಾರಾಗುತ್ತವೆ, ಗ್ರಾಹಿ ಮಾತ್ರ ನಾಳದ ಕೋಶದಲ್ಲಿರುತ್ತದೆ. ಎಚ್‌ಜಿಎಫ್ (ಹೆಪಟೋಸೈಟ್ ಗ್ರೋತ್ ಫ್ಯಾಕ್ಟರ್) ಕೂಡ ಅದೇ ದಾರಿಯದು, ನಾಳ ಕವಲೊಡೆಯಲು ನೆರವಾಗುತ್ತದೆ. ಬೆಳೆಯುವ ಗೊಂಚಲಿಗೆ ರಕ್ತನಾಳ ಎಳೆದು ತರುವ ಕೆಲಸ ವಿಇಜಿಎಫ್ ಎಂಬ ಇನ್ನೊಂದು ಅಂಶದ್ದು. ಸುತ್ತಲಿನ ಅಂಗಾಂಶ ಬರೀ ತುಂಬುವ ವಸ್ತುವಲ್ಲ ಎಂಬುದು ಈ ಪಟ್ಟಿಯಿಂದಲೇ ಗೊತ್ತಾಗುತ್ತದೆ.

ಬೆಳವಣಿಗೆ ತಡೆಯುವ ಅಂಶವೂ ಇದೆಯೇ?

ಇದೆ, ಟಿಜಿಎಫ್-ಬೀಟಾ (ಟ್ರಾನ್ಸ್‌ಫಾರ್ಮಿಂಗ್ ಗ್ರೋತ್ ಫ್ಯಾಕ್ಟರ್-ಬೀಟಾ). ಹೆಸರಿನಲ್ಲಿ ಬೆಳವಣಿಗೆ ಎಂದಿದ್ದರೂ ನಾಳದ ಕೋಶಗಳ ವಿಭಜನೆಗೆ ಇದು ಮುಖ್ಯ ಕಡಿವಾಣ. ನಾಳಗಳು ಒಂದರ ಮೇಲೊಂದು ಒತ್ತಿಕೊಳ್ಳದೆ ನಡುವೆ ಜಾಗ ಉಳಿಸಿಕೊಳ್ಳಲು ಇದು ಬೇಕು. ನಿಷ್ಕ್ರಿಯ ರೂಪದಲ್ಲಿ ಬಿಡುಗಡೆಯಾಗಿ, ಹೊದಿಕೆ ಕಳಚಿದ ಮೇಲಷ್ಟೇ ಕೆಲಸ ಮಾಡುತ್ತದೆ. ಕಡಸುಗಳ ಕೆಚ್ಚಲಿನೊಳಗೆ ಟಿಜಿಎಫ್-ಬೀಟಾ1 ಇಟ್ಟು ನೋಡಿದಾಗ ಸುತ್ತಲಿನ ಸಂಯೋಜಕ ಅಂಗಾಂಶ ಹೆಚ್ಚಿದ್ದು ಕಂಡುಬಂದಿದೆ. ಹಾಲು ಬತ್ತುವಾಗ ಕೋಶಗಳನ್ನು ಸಾವಿನ ಕಡೆಗೆ ತಿರುಗಿಸುವುದರಲ್ಲೂ ಇದರ ಕೈ ಇದೆ.

ಕಡಸಿಗೆ ಜಾಸ್ತಿ ತಿನ್ನಿಸಿದರೆ ಕೆಚ್ಚಲಿಗೆ ಕೊಬ್ಬು ತುಂಬಿ ಹಾಲು ಕಡಿಮೆಯಾಗುತ್ತದಂತೆ, ನಿಜವೇ?

ಅರ್ಧ ನಿಜ. 1982ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಬೆದೆಗೆ ಮುಂಚಿನ ಕಡಸುಗಳಿಗೆ ದಿನಕ್ಕೆ 1.2 ಕೆ.ಜಿ.ಗೂ ಮೀರಿ ತೂಕ ಏರುವಷ್ಟು ತಿನ್ನಿಸಿದಾಗ, ಸುಮಾರು 600 ಗ್ರಾಂ ಏರುತ್ತಿದ್ದವಕ್ಕಿಂತ ಹಾಲಿನ ಅಂಗಾಂಶ ಶೇ. 23ರಷ್ಟು ಕಡಿಮೆ ಇತ್ತು. ಬೆದೆ ಶುರುವಾದ ಮೇಲಿನ ಕಡಸುಗಳಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಹೆಚ್ಚು ತಿಂದ ಕಡಸಿನ ರಕ್ತದಲ್ಲಿ ಐಜಿಎಫ್-1 ಏರಿರುತ್ತದೆ. ಕೆಚ್ಚಲು ಮಾತ್ರ ಅದಕ್ಕೆ ತಕ್ಕಂತೆ ಬೆಳೆಯುವುದಿಲ್ಲ. ಅಂಥ ಕಡಸುಗಳ ಕೆಚ್ಚಲಿನಲ್ಲಿ ಮೂರನೇ ಬಂಧಕ ಪ್ರೋಟೀನ್ ಹೆಚ್ಚಿರುವುದು ಇದಕ್ಕೆ ಒಂದು ವಿವರಣೆ.

ಆದರೆ 2006ರಲ್ಲಿ ಬಂದ ಪ್ರಯೋಗಗಳು ಲೆಕ್ಕವನ್ನು ಬೇರೆ ರೀತಿ ಬಿಡಿಸಿದವು. ದಿನಕ್ಕೆ 650 ಗ್ರಾಂ ಮತ್ತು 950 ಗ್ರಾಂ ಏರುವ ಎರಡು ಗುಂಪುಗಳನ್ನು ಒಂದೇ ವಯಸ್ಸಿನಲ್ಲಿ ಹೋಲಿಸಿದರೆ ನಾಳದ ಅಂಗಾಂಶದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಬೇಗ ಬೆಳೆದ ಕಡಸು ಬೇಗ ಬೆದೆಗೆ ಬರುವುದರಿಂದ, ಕೆಚ್ಚಲು ದೇಹಕ್ಕಿಂತ ವೇಗವಾಗಿ ಬೆಳೆಯುವ ಕಾಲವೇ ಮೊಟಕಾಗುತ್ತದೆ. ಅಂದರೆ ಕೊಬ್ಬು ನಾಳಗಳನ್ನು ಹಾಳುಮಾಡುವುದಕ್ಕಿಂತ, ನಾಳಗಳಿಗೆ ಸಿಗುವ ದಿನಗಳು ಕಡಿಮೆಯಾಗುವುದೇ ದೊಡ್ಡ ಕಾರಣ. ನಮ್ಮ ಒಲವು ಈ ವಿವರಣೆಯ ಕಡೆಗೆ.

ಕರ್ನಾಟಕದ ಸಣ್ಣ ಹೈನುಗಾರರ ಮನೆಯಲ್ಲಿ ಈ ಭಯಕ್ಕೆ ಜಾಗವೇ ಕಡಿಮೆ. ಹೆಚ್ಚಿನ ಕಡೆ ತೊಂದರೆ ತದ್ವಿರುದ್ಧ: ಹಾಲು ಕೊಡದ ಕಡಸು ಎಂದು ರಾಗಿ ಹುಲ್ಲಿನ ಮೇಲೇ ಬಿಡುತ್ತಾರೆ. ಮೇವು ಸಾಲದಾಗ ಬೆಳವಣಿಗೆ ಹಾರ್ಮೋನ್ ರಕ್ತದಲ್ಲಿ ಏರುತ್ತದೆ, ಆದರೆ ಯಕೃತ್ತಿನಲ್ಲಿ ಅದರ ಗ್ರಾಹಿ ಇಳಿದು ಐಜಿಎಫ್-1 ಕುಸಿಯುತ್ತದೆ. ಬೆದೆ ಎರಡನೇ ವರ್ಷದಾಚೆಗೂ ಹೋಗಬಹುದು.

ಹಾಗಾದರೆ ಎಷ್ಟು ತೂಕ ಏರಬೇಕು, ಅಳೆಯುವುದು ಹೇಗೆ?

ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಶಿಯನ್) ಮಿಶ್ರತಳಿ ಕಡಸಿಗೆ ದಿನಕ್ಕೆ 500 ಗ್ರಾಂ ಆಸುಪಾಸು ಗುರಿ ಇಟ್ಟುಕೊಳ್ಳಿ. 28 ಕೆ.ಜಿ. ಹುಟ್ಟಿದ ಕರು ಹೀಗೆ ಏರಿದರೆ 15 ತಿಂಗಳಿಗೆ ಸುಮಾರು 250 ಕೆ.ಜಿ. ಮುಟ್ಟಿ ಗರ್ಭಧಾರಣೆಗೆ ಸಿದ್ಧವಾಗುತ್ತದೆ. ಜರ್ಸಿ ಮಿಶ್ರತಳಿಗೆ 200 ರಿಂದ 225 ಕೆ.ಜಿ. ಸಾಕು. ಹಳ್ಳಿಕಾರ್, ಮಲೆನಾಡು ಗಿಡ್ಡದಂಥ ನಾಡತಳಿಗಳಿಗೆ ಈ ಅಂಕಿ ಹೊಂದುವುದಿಲ್ಲ. ಆ ತಳಿಯ ಬೆಳೆದ ಹಸುವಿನ ತೂಕದ ಶೇ. 60 ಎಂದು ಲೆಕ್ಕ ಹಾಕಿ.

ತೂಕದ ಯಂತ್ರ ಇಲ್ಲದಿದ್ದರೆ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮುಂತುದಿಯಿಂದ ಬಾಲದ ಬುಡದ ಪಕ್ಕದ ಮೂಳೆಯವರೆಗೆ ಉದ್ದ, ಎರಡನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕೆ.ಜಿ. ಸಿಗುತ್ತದೆ. ಸುತ್ತಳತೆ 55, ಉದ್ದ 48 ಇದ್ದರೆ 220 ಕೆ.ಜಿ. ತಿಂಗಳಿಗೊಮ್ಮೆ, ಬೆಳಿಗ್ಗೆ ಮೇವು ಹಾಕುವ ಮುನ್ನ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಅಳೆಯಿರಿ. ಟೇಪು ಸಡಿಲವಾದರೆ ಲೆಕ್ಕ ಬಹಳ ಏರುಪೇರಾಗುತ್ತದೆ, ಏಕೆಂದರೆ ಸುತ್ತಳತೆ ಎರಡು ಸಲ ಗುಣಿಸಲ್ಪಡುತ್ತದೆ.

ಮೆಕ್ಕೆಜೋಳದ ನುಚ್ಚು ಮಾತ್ರ ಸುರಿದು ತೂಕ ಏರಿಸಬೇಡಿ. ಶಕ್ತಿ ಹೆಚ್ಚಿ ಪ್ರೋಟೀನ್ ಸಾಲದಿದ್ದರೆ ಮೂಳೆ, ಮಾಂಸದ ಬದಲು ಕೊಬ್ಬು ಕೂಡುತ್ತದೆ. ಶೇ. 16 ರಿಂದ 18 ಪ್ರೋಟೀನ್ ಇರುವ ಪಶು ಆಹಾರ 1.5 ರಿಂದ 2 ಕೆ.ಜಿ., ಜೊತೆಗೆ ಹಲಸಂದೆ ಅಥವಾ ಕುದುರೆ ಮೆಂತ್ಯದಂಥ ದ್ವಿದಳ ಹಸಿಮೇವು, ಖನಿಜ ಮಿಶ್ರಣ 30 ಗ್ರಾಂ ಸರಿಯಾದ ಆರಂಭ.

ಹಾಲು ಕುಡಿಯುವ ಕರುವಿನ ಆರೈಕೆಗೂ ಮುಂದಿನ ಹಾಲಿಗೂ ಸಂಬಂಧವಿದೆಯೇ?

ಇದೆ, ಬಹಳ. ಎರಡರಿಂದ ಎಂಟನೇ ವಾರದವರೆಗೆ ಹೆಚ್ಚು ಪೋಷಣೆ ಕೊಟ್ಟ ಕರುಗಳಲ್ಲಿ ನಾಳದ ಅಂಗಾಂಶದ ತೂಕ ಸುಮಾರು ಮೂರನೇ ಒಂದರಷ್ಟು, ಅದರ ಡಿಎನ್‌ಎ (ಕೋಶಗಳ ಸಂಖ್ಯೆಯ ಅಳತೆ) ಸುಮಾರು ಅರ್ಧದಷ್ಟು ಹೆಚ್ಚಿದ್ದನ್ನು 2005ರ ಪ್ರಯೋಗ ತೋರಿಸಿತು. ಎಂಟು ವಾರದ ನಂತರ ಹೆಚ್ಚು ತಿನ್ನಿಸಿದರೆ ಆ ಲಾಭ ಸಿಗಲಿಲ್ಲ.

ಗಿಣ್ಣು ಹಾಲು ದೇಹತೂಕದ ಶೇ. 10, ಅದರಲ್ಲಿ ಅರ್ಧ ಹುಟ್ಟಿದ ಎರಡು ಗಂಟೆಯೊಳಗೆ. ಬಳಿಕ ರೂಢಿಯ ಶೇ. 10ಕ್ಕೆ ನಿಲ್ಲದೆ ಶೇ. 15ಕ್ಕೆ ಏರಿಸಿ: 30 ಕೆ.ಜಿ. ಕರುವಿಗೆ ದಿನಕ್ಕೆ 4.5 ಲೀಟರ್. ಒಮ್ಮೆಲೇ ಏರಿಸಿದರೆ ಭೇದಿ ಆಗುತ್ತದೆ. ಎರಡು ಮೂರು ದಿನಕ್ಕೆ ಅರ್ಧ ಲೀಟರಿನಂತೆ, ದಿನಕ್ಕೆ ಮೂರು ಸಲ ಹಂಚಿ, 38 ರಿಂದ 39 ಡಿಗ್ರಿ ಬಿಸಿಯಲ್ಲಿ ಕುಡಿಸಿ. ಎರಡನೇ ವಾರದಿಂದ ಕರುವಿನ ಆಹಾರ ಮುಂದಿಡಿ. ದಿನಕ್ಕೆ 700 ಗ್ರಾಂನಿಂದ 1 ಕೆ.ಜಿ. ಸತತ ಮೂರು ದಿನ ತಿಂದ ಮೇಲೆ ಹಾಲು ಬಿಡಿಸಿ. ಹಾಲು ಮಾರಿದರೆ ಇವತ್ತು ದುಡ್ಡು ಸಿಗುತ್ತದೆ ನಿಜ. ಆದರೂ ಈ ಎಂಟು ವಾರಕ್ಕೆ ಹಾಕಿದ ಹಾಲಿನಷ್ಟು ಬೆಲೆಬಾಳುವ ಖರ್ಚು ಕಡಸು ಸಾಕಣೆಯಲ್ಲಿ ಬೇರೊಂದಿಲ್ಲ ಎಂದೇ ನಮ್ಮ ಅಭಿಪ್ರಾಯ.

ಕೆಚ್ಚಲಿನ ಗಾತ್ರ ನೋಡಿ ಕಡಸು ಕೊಳ್ಳಬಹುದೇ?

ಬೇಡ. ಆರರಿಂದ ಒಂಬತ್ತು ತಿಂಗಳಲ್ಲಿ ಕಾಣುವ ಉಬ್ಬು ಬಹುಪಾಲು ಕೊಬ್ಬು. ತೊಟ್ಟಿನ ಬುಡದ ಮೇಲೆ ಬೆರಳಿನಿಂದ ನಿಧಾನ ಒತ್ತಿದಾಗ ಗಟ್ಟಿಯಾಗಿ ಸಿಗುವ ಗಂಟು ನಾಳದ ಅಂಗಾಂಶ. ಅದನ್ನು ಅಲ್ಟ್ರಾಸೌಂಡಿನಲ್ಲಿ ಅಳೆಯಲೂ ಬರುತ್ತದೆ. ಕರುಗಳು ಒಂದರ ತೊಟ್ಟು ಒಂದು ಚೀಪುತ್ತಿದ್ದರೆ ಕೂಡಲೇ ಬೇರೆ ಕಟ್ಟಿ. ಸೋಂಕು ಒಳಹೊಕ್ಕು ನಾಳ ಬೆಳೆಯುವ ಮುಂಚೆಯೇ ಆ ಭಾಗ ಕೆಡುತ್ತದೆ, ಕರು ಹಾಕಿದ ಮೇಲೆ ಮೂರೇ ತೊಟ್ಟಿನಲ್ಲಿ ಹಾಲು ಬರುತ್ತದೆ.

ಗಬ್ಬದಲ್ಲಿ ಏನಾಗುತ್ತದೆ?

ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಒಟ್ಟಿಗೆ ಏರಿದಾಗ ನಾಳದ ತುದಿಗಳಲ್ಲಿ ಹಾಲಿನ ಗುಳ್ಳೆಗಳ ಗೊಂಚಲು ಮೂಡುತ್ತದೆ, ಕೊಬ್ಬಿನ ಜಾಗವನ್ನು ಅವು ಆಕ್ರಮಿಸುತ್ತವೆ. ಕೊನೆಯ ಮೂರು ತಿಂಗಳಲ್ಲಿ ವೇಗ ಅತಿ ಹೆಚ್ಚು, ಗರ್ಭದ ಕರುವಿನ ತೂಕ ಏರುವುದೂ ಆಗಲೇ. ಹಾಗಾಗಿ ಏಳನೇ ತಿಂಗಳಿಂದ 1 ರಿಂದ 1.5 ಕೆ.ಜಿ. ಪಶು ಆಹಾರ ಹೆಚ್ಚುವರಿಯಾಗಿ ಕೊಡಬೇಕು. ಕರು ಹಾಕುವ ಹೊತ್ತಿಗೆ ಪ್ರೊಜೆಸ್ಟರಾನ್ ಇಳಿದು ಪ್ರೋಲ್ಯಾಕ್ಟಿನ್ ಏರಿದಾಗ ಹಾಲು ಸ್ರವಿಸತೊಡಗುತ್ತದೆ.

ಹಾಲು ಕರೆಯುವಾಗ ಕೋಶಗಳು ಹೆಚ್ಚಾಗುತ್ತವೆಯೇ?

ಗರಿಷ್ಠ ಇಳುವರಿಯ ನಂತರ ಹಾಲು ಇಳಿಯುವುದಕ್ಕೆ ಮುಖ್ಯ ಕಾರಣ ಕೋಶಗಳ ನಷ್ಟ. ಅಳೆದ ಹಸುಗಳಲ್ಲಿ ದಿನಕ್ಕೆ ಸುಮಾರು ಶೇ. 0.3 ಕೋಶಗಳು ಹೊಸದಾಗಿ ಹುಟ್ಟುತ್ತಿದ್ದರೆ, ಶೇ. 0.56 ಸಾಯುತ್ತಿದ್ದವು. ಅಂತರ ಚಿಕ್ಕದು, ದಿನದಿನ ಕೂಡಿದರೆ ದೊಡ್ಡದು. ಬೆಳವಣಿಗೆ ಹಾರ್ಮೋನ್ ಚುಚ್ಚುಮದ್ದು ಈ ಅಂತರವನ್ನು ತಗ್ಗಿಸುತ್ತದೆ, ಐಜಿಎಫ್-1 ಏರಿಸುತ್ತದೆ. ಅಮೆರಿಕದಲ್ಲಿ ಇದಕ್ಕೆ 1993ರಲ್ಲಿ ಅನುಮತಿ ಸಿಕ್ಕಿತು, 14 ದಿನಕ್ಕೊಮ್ಮೆ 500 ಮಿ.ಗ್ರಾಂ. ಕೆಚ್ಚಲು ಬಾವು, ಕುಂಟು ಹೆಚ್ಚುವ ಕಾರಣ ಕೆನಡಾ 1999ರಲ್ಲಿ ಅನುಮತಿ ನಿರಾಕರಿಸಿತು, ಐರೋಪ್ಯ ಒಕ್ಕೂಟವೂ ನಿಷೇಧಿಸಿತು.

ಆಕ್ಸಿಟೋಸಿನ್ ಚುಚ್ಚಿದರೆ ಕೆಚ್ಚಲು ಬೆಳೆಯುತ್ತದೆಯೇ?

ಇಲ್ಲ. ಅದು ಗುಳ್ಳೆಗಳ ಸುತ್ತಲಿನ ಸ್ನಾಯುಕೋಶಗಳನ್ನು ಹಿಂಡಿ, ಇರುವ ಹಾಲನ್ನು ಕೆಳಗಿಳಿಸುತ್ತದೆ ಅಷ್ಟೇ. ದಿನವೂ ಚುಚ್ಚಿದರೆ ಹಸು ಸ್ವಂತವಾಗಿ ಹಾಲು ಇಳಿಸುವುದನ್ನೇ ಬಿಡುತ್ತದೆ. ಪಶುವೈದ್ಯರ ಸಲಹೆಯಿಲ್ಲದೆ ಮುಟ್ಟಬೇಡಿ.

ಎರಡು ತಿಂಗಳು ಹಾಲು ಬತ್ತಿಸಲೇಬೇಕೇ?

ಬೇಕು. ಬತ್ತಿಸದೆ ಕರೆದ ಹಸುವಿನಲ್ಲಿ ಮುಂದಿನ ಸೂಲಿನ ಹಾಲು ಶೇ. 20 ರಿಂದ 25 ಕಡಿಮೆಯಾಗುತ್ತದೆ. ಹಾಲು ನಿಂತಾಗ ಒತ್ತಡ ಏರಿ, ಐಜಿಎಫ್ ಬಂಧಕಗಳೂ ಟಿಜಿಎಫ್-ಬೀಟಾವೂ ಮೇಲುಗೈ ಪಡೆದು ದಣಿದ ಕೋಶಗಳು ಸಾಯುತ್ತವೆ. ಕೊನೆಯ ವಾರಗಳಲ್ಲಿ ಹೊಸ ಕೋಶಗಳು ಅವುಗಳ ಜಾಗ ತುಂಬುತ್ತವೆ. ಗಬ್ಬದ ಹಸುವಿನಲ್ಲಿ ಕೆಚ್ಚಲು ಪೂರ್ತಿ ಕುಗ್ಗುವುದಿಲ್ಲ. ಹಳೆಯವು ಹೋಗಿ ಹೊಸವು ಬರುವುದೇ ಇಲ್ಲಿನ ಮುಖ್ಯ ಕೆಲಸ. 40 ದಿನಕ್ಕಿಂತ ಕಡಿಮೆಯಾದರೆ ಅದು ಮುಗಿಯುವುದಿಲ್ಲ.

ದಿನಕ್ಕೆ 15 ಲೀಟರ್ ಮೀರಿ ಕೊಡುತ್ತಿದ್ದರೆ ಒಂದು ವಾರ ಮೊದಲೇ ಪಶು ಆಹಾರ ತಗ್ಗಿಸಿ. ಕೊನೆಯ ದಿನ ಪೂರ್ತಿ ಕರೆದು, ಪಶುವೈದ್ಯರು ಹೇಳಿದ ಔಷಧದ ಟ್ಯೂಬ್ ನಾಲ್ಕೂ ತೊಟ್ಟಿಗೆ ಹಾಕಿ, ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ ನಿಲ್ಲಿಸಿಬಿಡಿ. ನಡುನಡುವೆ ಸ್ವಲ್ಪ ಕರೆದರೆ ಕೋಶಗಳು ಸಾಯುವ ಪ್ರಕ್ರಿಯೆ ನಿಂತು ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಬೇಸಿಗೆಯಲ್ಲಿ ಬತ್ತಿಸಿದ ಹಸುವಿಗೂ ಫ್ಯಾನ್ ಬೇಕೇ?

ಬೇಕು, ಹಾಲು ಕೊಡುತ್ತಿಲ್ಲ ಎಂದು ಬಿಸಿಲಿಗೆ ಕಟ್ಟಬಾರದು. ಅಮೆರಿಕದ ಫ್ಲೋರಿಡಾದಲ್ಲಿ ಬತ್ತಿಸಿದ ಅವಧಿಯಲ್ಲಿ ತಂಪು ಸಿಗದ ಹಸುಗಳಲ್ಲಿ ಕೋಶ ವಿಭಜನೆ ಕಡಿಮೆ ಇತ್ತು, ಮುಂದಿನ ಸೂಲಿನಲ್ಲಿ ದಿನಕ್ಕೆ ಸುಮಾರು 5 ಕೆ.ಜಿ. ಹಾಲು ಕಡಿಮೆ ಬಂತು. ರಾಯಚೂರು, ಕಲಬುರಗಿಯ ಏಪ್ರಿಲ್, ಮೇ ತಿಂಗಳಲ್ಲಿ ಬತ್ತಿಸುವವರು ನೆರಳು, ಮೈಗೆ ನೀರು, ಗಾಳಿ ಮೂರನ್ನೂ ಕೊಡಬೇಕು.

ಪ್ರಯೋಗಾಲಯದಲ್ಲಿ ಐಜಿಎಫ್-1 ಹಾಕಿದರೂ ಕೋಶಗಳು ಸ್ಪಂದಿಸುತ್ತಿಲ್ಲ, ಏಕೆ?

ಮೊದಲು ಕೋಶ ಬೆಳೆಸುವ ದ್ರವದಲ್ಲಿ (ಮಾಧ್ಯಮದಲ್ಲಿ) ಇನ್ಸುಲಿನ್ ಎಷ್ಟಿದೆ ನೋಡಿ. ರೂಢಿಯಂತೆ ಮಿ.ಲೀ.ಗೆ 5 ಮೈಕ್ರೋಗ್ರಾಂ ಹಾಕಿದ್ದರೆ ಅದು ಹಸುವಿನ ರಕ್ತದಲ್ಲಿರುವುದಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಆ ಮಟ್ಟದಲ್ಲಿ ಇನ್ಸುಲಿನ್ನೇ ಐಜಿಎಫ್-1ರ ಗ್ರಾಹಿಯನ್ನು ಎಚ್ಚರಿಸಿಬಿಟ್ಟಿರುತ್ತದೆ, ನೀವು ಹಾಕಿದ್ದರ ಪರಿಣಾಮ ಕಾಣುವುದಿಲ್ಲ. ಮಾಧ್ಯಮಕ್ಕೆ ಸೇರಿಸುವ ಸೀರಂನಲ್ಲೂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಬಂಧಕಗಳು, ಬೆಳವಣಿಗೆ ಅಂಶಗಳು ಇರುತ್ತವೆ. 24 ಗಂಟೆ ಸೀರಂ ಇಲ್ಲದೆ ಇಟ್ಟು ಆಮೇಲೆ ಮಿ.ಲೀ.ಗೆ 10 ರಿಂದ 100 ನ್ಯಾನೋಗ್ರಾಂ ಐಜಿಎಫ್-1 ಕೊಡಿ. ತೆಳುವಾದ ದ್ರಾವಣದಲ್ಲಿ ಅದು ಪ್ಲಾಸ್ಟಿಕ್ಕಿಗೆ ಅಂಟುತ್ತದೆ, ಶೇ. 0.1 ಆಲ್ಬುಮಿನ್ ಸೇರಿಸಿ. ಪದೇ ಪದೇ ಹೆಪ್ಪುಗಟ್ಟಿಸಿ ಕರಗಿಸಬೇಡಿ. ಎಂಎಸಿ-ಟಿ ಎಂಬ, ಹಸುವಿನ ಕೆಚ್ಚಲಿನಿಂದ ಬಂದ ಪ್ರಯೋಗಾಲಯದ ಕೋಶಸಾಲಿನಲ್ಲಿ ಬಂದ ಫಲಿತಾಂಶವನ್ನು ಕೆಚ್ಚಲಿನಿಂದ ತೆಗೆದ ಕೋಶದಲ್ಲೂ ಒಮ್ಮೆ ನೋಡಿ; ಆ ಸಾಲು ವೈರಾಣುವಿನ ಜೀನ್ ಸೇರಿಸಿ ಅಮರಗೊಳಿಸಿದ್ದು, ವಿಭಜನೆಯ ಕಡಿವಾಣ ಅಲ್ಲಿ ಆಗಲೇ ಸಡಿಲ.

ರಕ್ತದ ಐಜಿಎಫ್-1 ಅಳೆದು ಒಳ್ಳೆಯ ಕಡಸು ಆರಿಸಬಹುದೇ?

ಅದೊಂದನ್ನೇ ನಂಬಿ ಆಗದು. ಮೇವು, ವಯಸ್ಸು, ಕಾಯಿಲೆ ಎಲ್ಲದರಿಂದಲೂ ಅದು ಏರಿಳಿಯುತ್ತದೆ, ಕೆಚ್ಚಲಿನೊಳಗಿನ ಮಟ್ಟವನ್ನು ತೋರಿಸುವುದೂ ಇಲ್ಲ. ಸಂಶೋಧನೆಗೆ ಅಳೆಯುವವರು ಆಮ್ಲ ಮತ್ತು ಎಥನಾಲ್ ಬಳಸಿ ಬಂಧಕಗಳನ್ನು ಮೊದಲು ಬೇರ್ಪಡಿಸಬೇಕು. ಇಲ್ಲದಿದ್ದರೆ ಬಂಧಕಗಳು ಅಳತೆಗೆ ಬಳಸುವ ಪ್ರತಿಕಾಯದ (ಐಜಿಎಫ್-1 ಹಿಡಿಯುವ ಪ್ರೋಟೀನಿನ) ಜೊತೆ ಪೈಪೋಟಿಗಿಳಿದು ತಪ್ಪು ಅಂಕಿ ಕೊಡುತ್ತವೆ. ಹೈನುಗಾರರಿಗೆ ತಿಂಗಳ ಟೇಪಿನ ಅಳತೆ ಮತ್ತು ಮೊದಲ ಬೆದೆಯ ದಿನಾಂಕ ಬರೆದಿಟ್ಟ ಪುಸ್ತಕ ಇದಕ್ಕಿಂತ ಹೆಚ್ಚು ಹೇಳುತ್ತದೆ.